ಅಸ್ಸುಂತಾಳ ಮನೆಗೆ ಒಬ್ಬರು

ಪಂಜದ ಜತ್ತಪ್ಪನಿಗೆ ವರ್ಷಕ್ಕೊಂದೋ ಎರಡೋ ಕಾಗದ ಇಟಲಿಯಿಂದ ಬರುತ್ತಿತ್ತು. ಬಂದ ದಿನ ಅವನು ಅದನ್ನು ಒಡೆಯುತ್ತಿರಲಿಲ್ಲ. ಒಡೆದರೆ ಪ್ರಯೋಜನವೂ ಇರಲಿಲ್ಲ. ಅವನಿಗೆ ಆ ಭಾಷೆ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಮರುದಿನ ಬೆಳಗ್ಗಿನ ಬಸ್ಸು ಹಿಡಿದು ಪುತ್ತೂರಿಗೆ ಹೋಗಿ, ಅಲ್ಲಿನ ಇಗರ್ಜಿಯಲ್ಲಿದ್ದ ಲುವಿಜಿ ಪಾದ್ರಿಗಳ ಮೇಜಿನ ಮೇಲೆ ಅದನ್ನಿಟ್ಟು ಕೈಕಟ್ಟಿ ನಿಲ್ಲುತ್ತಿದ್ದ. ಪಾದ್ರಿಗಳು ಇಟಲಿಯವರು. ಹರೆಯದಲ್ಲಿಯೇ ಈ ಜಿಲ್ಲೆಗೆ ಬಂದು ತುಳು, ಕೊಂಕಣಿ, ಕನ್ನಡ ಮೂರನ್ನೂ ಕಲಿತು, ಮೂರನ್ನೂ ಒಂದೇ ರಾಗದಲ್ಲಿ ಮಾತಾಡುತ್ತಿದ್ದರು. ಕಾಗದವನ್ನು ಮೊದಲು ಇಟಾಲಿಯನ್ನಿನಲ್ಲೇ ಗಟ್ಟಿಯಾಗಿ ಓದುವರು. ಜತ್ತಪ್ಪ ಕಣ್ಣು ಮುಚ್ಚಿ ಕೇಳುವನು. ಅರ್ಥವಾಗದ ಕಡೆ ಮಾತ್ರ ಕಣ್ಣು ತೆರೆಯುವನು. ಅಲ್ಲಿ ಪಾದ್ರಿಗಳು ನಿಲ್ಲಿಸಿ ತುಳುವಿನಲ್ಲಿ ಹೇಳುವರು.

ಹೀಗೆ ಒಬ್ಬ ಸುಳ್ಯ ಸೀಮೆಯ ಗೌಡನಿಗೆ ಇಟಲಿಯ ಸಂಬಂಧ ಆದದ್ದು ಯುದ್ಧದಿಂದ. ಸಾವಿರದ ಒಂಬೈನೂರ ನಲ್ವತ್ತರಲ್ಲಿ ಜತ್ತಪ್ಪ ಪಟ್ಟಾಳಕ್ಕೆ ಸೇರಿದ. ಹೊರಡುವಾಗ ಮಗ ಪೂವಪ್ಪನಿಗೆ ಮೂರು ವರ್ಷ, ಮಗಳು ಕಮಲಾವತಿ ಇನ್ನೂ ತೊಟ್ಟಿಲಲ್ಲಿ. ನಲ್ವತ್ತೆರಡರಲ್ಲಿ ಆಫ್ರಿಕದ ಮರಳುಗಾಡಿನಲ್ಲಿ ಅವನ ತುಕಡಿ ಸೆರೆಸಿಕ್ಕಿತು. ಅಲ್ಲಿಂದ ಹಡಗಿನಲ್ಲಿ ಇಟಲಿಯ ಒಂದು ಸೆರೆಶಿಬಿರಕ್ಕೆ ಸಾಗಿಸಿದರು. ಮುಂದಿನ ವರ್ಷ ಇಟಲಿ ಯುದ್ಧದಿಂದ ಹಿಂದೆ ಸರಿದಾಗ ಶಿಬಿರದ ಕಾವಲುಗಾರರು ಬೇಲಿ ಬಿಟ್ಟು ಹೋದರು, ಸೆರೆಯಾಳುಗಳು ಸಿಕ್ಕಿದ ದಿಕ್ಕಿಗೆ ಓಡಿದರು. ಜತ್ತಪ್ಪ ಬೆಟ್ಟ ಹತ್ತಿದ. ಬೆಟ್ಟದ ಮೇಲಿನ ಒಂದು ಒಂಟಿ ಮನೆಯಲ್ಲಿ ದೊಮೆನಿಕೊ ಮತ್ತು ಅಸ್ಸುಂತಾ ಎಂಬ ಗಂಡಹೆಂಡಿರು ಅವನಿಗೆ ರೊಟ್ಟಿ ಕೊಟ್ಟರು. ಒಂದು ದಿನಕ್ಕೆಂದು ಒಳಗೆ ಕರೆದವರು ಒಂಬತ್ತು ತಿಂಗಳು ಹುಲ್ಲಿನ ಅಟ್ಟದಲ್ಲಿ ಇಟ್ಟುಕೊಂಡರು. ಜರ್ಮನರು ಹುಡುಕುತ್ತಿದ್ದ ಕಾಲ. ಹಗಲಿನಲ್ಲಿ ಹೊರಗೆ ಬರುವ ಹಾಗಿಲ್ಲ. ಅಪಾಯ ಕಡಿಮೆ ಇದ್ದ ದಿನಗಳಲ್ಲಿ ಅವನು ಹಿತ್ತಿಲಿಗೆ ಇಳಿದು ದೊಮೆನಿಕೊನ ಜೊತೆ ಜೇನುಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದ.

ಅವನಿಗೆ ಜೇನು ಹೊಸದೇನಲ್ಲ. ನಮ್ಮ ಕಡೆಯ ಯಾವ ಹುಡುಗ ಮರದ ಪೊಟರೆಗೆ ಕೈಹಾಕಿ ಬೆಳೆದಿಲ್ಲ? ಆದರೆ ಇಲ್ಲಿ ನಾವು ತುಡುವೆ ಜೇನನ್ನು ಹೊಗೆ ಹಾಕಿ, ಓಡಿಸಿ, ಎರಿ ಹಿಂಡಿ ತರುವವರು. ಅಲ್ಲಿ ದೊಮೆನಿಕೊ ಪೆಟ್ಟಿಗೆಯ ಮುಚ್ಚಳ ತೆರೆದು ಒಂದೊಂದೇ ಚೌಕಟ್ಟನ್ನು ಪುಸ್ತಕದ ಹಾಳೆಯ ಹಾಗೆ ಎತ್ತಿ ನೋಡಿ, ಪುನಃ ಇಡುತ್ತಿದ್ದ. "ಪಿಯಾನೊ, ಪಿಯಾನೊ" ಎನ್ನುತ್ತಿದ್ದ. ಮೆಲ್ಲ, ಮೆಲ್ಲ. ಯುದ್ಧ ಮುಗಿದು ಊರಿಗೆ ಬಂದ ಜತ್ತಪ್ಪ ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಸಿ ತುಡುವೆ ಸಾಕಲು ಶುರುಮಾಡಿದಾಗ ಅವನೂ ಹಾಗೆಯೇ ಹೇಳುತ್ತಿದ್ದ. ಅವನು ಹುಳಕ್ಕೆ ಮಂತ್ರ ಹಾಕುತ್ತಾನೆ ಎಂದು ಪಂಜದಿಂದ ಬೆಳ್ಳಾರೆಯವರೆಗೆ ಜನ ನಂಬಿದ್ದರು. ಅವನು ಅಲ್ಲವೆನ್ನಲಿಲ್ಲ.

ಆರು ವರ್ಷದ ಕಮಲಾವತಿಗೆ ಮೊದಲ ಸಲ ಅಪ್ಪನ ಮುಖ ಕಂಡದ್ದು ಅವನು ಯುದ್ಧದಿಂದ ಬಂದ ದಿನ. ಯಾರೋ ನೆಂಟರು ಎಂದುಕೊಂಡು ಕಾಲು ತೊಳೆಯಲು ನೀರು ತಂದಿಟ್ಟಿದ್ದಳಂತೆ. ಅಪ್ಪನ ಹತ್ತಿರ ಅವಳು ಸುಳಿದದ್ದೇ ಜೇನಿನ ದೆಸೆಯಿಂದ. ಪೂವಪ್ಪನಿಗೆ ಹುಳವೆಂದರೆ ಹೆದರಿಕೆ, ಒಮ್ಮೆ ಕಣ್ಣಿನ ರೆಪ್ಪೆಗೆ ಕಚ್ಚಿಸಿಕೊಂಡವನು ಮತ್ತೆ ಆ ಕಡೆ ಹೋಗಲಿಲ್ಲ. ಮಗಳು ಮುಸುಕಿಲ್ಲದೆ, ಕೈಗೆ ಬಟ್ಟೆಯಿಲ್ಲದೆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. ಮುಂದೆ ನರಿಮೊಗರಿನ ಅತ್ತೆಯ ಮನೆಯಲ್ಲಿ ಉಳಿದು ಪುತ್ತೂರಿನ ಹೈಸ್ಕೂಲಿಗೆ ಹೋಗುವಾಗಲೂ ಶನಿವಾರ ಮನೆಗೆ ಬಂದವಳು ಚೀಲ ಇಟ್ಟು ಮೊದಲು ನೋಡುತ್ತಿದ್ದದ್ದು ಪೆಟ್ಟಿಗೆಗಳನ್ನು.

ಐವತ್ತಾರರ ಜೂನಿನಲ್ಲಿ, ಕಮಲಾವತಿ ಎಸ್ಸೆಸ್ಸೆಲ್ಸಿ ಪಾಸಾದ ವಾರವೇ, ಅಸ್ಸುಂತಾಳ ಕಾಗದ ಬಂತು. ಪಾದ್ರಿಗಳು ಓದಿದರು. ದೊಮೆನಿಕೊ ತೀರಿಕೊಂಡು ಐದು ವರ್ಷವಾಯಿತು ಎಂಬುದು ಜತ್ತಪ್ಪನಿಗೆ ಗೊತ್ತಿತ್ತು. ಹೊಸ ಸುದ್ದಿಯೆಂದರೆ, ಅವಳ ಇಬ್ಬರು ಗಂಡುಮಕ್ಕಳೂ ಬೆಲ್ಜಿಯಮ್ಮಿನ ಕಲ್ಲಿದ್ದಲ ಗಣಿಗೆ ಕೆಲಸಕ್ಕೆ ಹೋಗಿದ್ದಾರೆ. ಮನೆಯಲ್ಲಿ ಅವಳೊಬ್ಬಳೇ. ನಲ್ವತ್ತು ಪೆಟ್ಟಿಗೆಗಳಿವೆ. ಕಾಗದದ ಕೊನೆಗೆ ಹೀಗಿತ್ತು: "ನಿನ್ನ ಮಕ್ಕಳಲ್ಲಿ ಒಬ್ಬರನ್ನು ಒಂದು ವರ್ಷಕ್ಕೆ ಕಳಿಸು. ಊಟ, ಹಾಸಿಗೆ ನನ್ನದು. ಕೆಲಸ ಮಾಡಬೇಕು. ನನಗೆ ಗೊತ್ತಿರುವುದನ್ನು ಕಲಿಸುತ್ತೇನೆ. ಇಲ್ಲದಿದ್ದರೆ ನನಗೆ ಗೊತ್ತಿರುವುದು ನನ್ನೊಟ್ಟಿಗೇ ಹೋಗುತ್ತದೆ."

ಆ ಕಡೆಯ ಸಾಲನ್ನು ಪಾದ್ರಿಗಳು ಎರಡು ಸಲ ಓದಿದರು. ಜತ್ತಪ್ಪ ಕಣ್ಣು ತೆರೆಯಲಿಲ್ಲ.

ಮನೆಗೆ ಬಂದು ಅವನು ಮೊದಲು ಕೇಳಿದ್ದು ಪೂವಪ್ಪನನ್ನು. ಹಾಗೆ ಕೇಳಬೇಕಾದದ್ದು ಆ ಕಾಲದ ಕ್ರಮ.

"ನಂಗೆ ಬೇಡ ಅಪ್ಪ," ಎಂದ ಪೂವಪ್ಪ. "ನಾನು ಮೋಟಾರು ಕಂಪೆನಿಗೆ ಹೋಗುದು ಅಂತ ಹೇಳಿದ್ದೇನಲ್ಲ. ನೀವು ಬೇಕಾದ್ರೆ ಕಮಲನನ್ನು ಕೇಳಿ."

ಅವನು ಆ ಮಾತನ್ನು ಜಾರಿಕೊಳ್ಳಲು ಹೇಳಿದ್ದು. ಕಮಲಾವತಿ ಬಾಗಿಲ ಪಕ್ಕದಲ್ಲಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸದೆ, "ನಾನು ಹೋಗ್ತೇನೆ," ಎಂದಳು.

ಜತ್ತಪ್ಪನ ಅಣ್ಣ ಚನಿಯಪ್ಪ ಮನೆಯ ಯಜಮಾನ. ಅವನು ಎಲೆಅಡಿಕೆ ಉಗುಳಿ ಬಂದು ಕೂತ. "ನಮ್ಮ ಮನೆಯ ಗೂಡೆ, ಹೆಣ್ಣುಹುಡುಗಿ, ಕಡಲಾಚೆ ಹೋಗಿ ಇನ್ನೊಬ್ಬರ ಮನೆಯಲ್ಲಿ ಕೆಲಸ ಮಾಡುದಾ? ಇಲ್ಲಿ ಹೆಣ್ಣುಮಕ್ಕಳಿಗೆ ಕೆಲಸ ಕಡಿಮೆ ಆದದ್ದುಂಟಾ?"

"ಇನ್ನೊಬ್ಬರ ಮನೆ ಅಲ್ಲ ಅಣ್ಣ," ಎಂದ ಜತ್ತಪ್ಪ. "ನಾನು ಸತ್ತಿದ್ದೇನೆ ಅಂತ ಇಲ್ಲಿ ನೀವೆಲ್ಲ ಎಣಿಸಿದ್ದಿರಿ. ಆಗ ನಾನು ಇದ್ದದ್ದು ಆ ಮನೆಯಲ್ಲಿ."

ಚನಿಯಪ್ಪ, "ಸೇವಂತಿ ಒಪ್ಪಿದ್ರೆ ನಂದೇನಿಲ್ಲ," ಎಂದು ಎದ್ದ. ಸೇವಂತಿ, ಜತ್ತಪ್ಪನ ಹೆಂಡತಿ, ಒಪ್ಪುವುದಿಲ್ಲ ಎಂಬ ಧೈರ್ಯ ಅವನದು.

ಸೇವಂತಿ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಯುದ್ಧ ಮುಗಿಯುವವರೆಗೆ ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದೆ ಎರಡು ಮಕ್ಕಳನ್ನು ಸಾಕಿದವಳು ಅವಳು. ನಾಲ್ಕನೇ ದಿನ ಒಗೆದ ಸೀರೆ ಉಟ್ಟು, ಗಂಡನಿಗೂ ಹೇಳದೆ ಒಬ್ಬಳೇ ಪುತ್ತೂರಿನ ಬಸ್ಸು ಹತ್ತಿದಳು. ಊರಿನಲ್ಲಿ ಆಗಲೇ ಮಾತು ಹುಟ್ಟಿತ್ತು: ಪಾದ್ರಿಗಳು ಜತ್ತಪ್ಪನ ಮಗಳನ್ನು ಸನ್ಯಾಸಿನಿಯರ ಮಠಕ್ಕೆ ಸೇರಿಸುತ್ತಾರಂತೆ, ಅಲ್ಲಿ ಅವಳ ತಲೆ ಬೋಳಿಸಿ ಬಿಳಿ ಬಟ್ಟೆ ಹಾಕುತ್ತಾರಂತೆ.

ಲುವಿಜಿ ಪಾದ್ರಿಗಳು ಇಗರ್ಜಿಯ ಹಿಂದೆ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು. ಸೇವಂತಿ ಸೀದಾ ಹೋಗಿ ಅವರೆದುರು ನಿಂತಳು.

"ನಾನು ಜತ್ತಪ್ಪನ ಹೆಂಡತಿ. ನನ್ನ ಮಗಳನ್ನು ನೀವು ಎಂತ ಮಾಡ್ಲಿಕ್ಕೆ ಕರಕೊಂಡು ಹೋಗುದು?"

ಪಾದ್ರಿಗಳು ಕೊಡಪಾನ ಕೆಳಗಿಟ್ಟರು. "ನಾನು ಕರಕೊಂಡು ಹೋಗುದಲ್ಲಮ್ಮ. ನಾನು ಕಾಗದ ಓದುವವ."

"ಅವಳು ವಾಪಸು ಬರ್ತಾಳಾ?"

ಬೇರೆ ಯಾರಾದರೂ ಆಗಿದ್ದರೆ ಬರುತ್ತಾಳೆ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು. ಪಾದ್ರಿಗಳು ಹಾಗೆ ಹೇಳಲಿಲ್ಲ. ಅಲ್ಲಿದ್ದ ಒಂದು ಕಲ್ಲಿನ ಮೇಲೆ ಕೂತು, ಅವಳಿಗೂ ಕೂರಲು ಜಗಲಿ ತೋರಿಸಿದರು.

"ಮೂವತ್ತೆರಡು ವರ್ಷದ ಹಿಂದೆ ನನ್ನ ಅಮ್ಮ ನಮ್ಮ ಊರಿನ ಹಿರಿ ಪಾದ್ರಿಯ ಮುಂದೆ ಹೀಗೆಯೇ ಬಂದು ನಿಂತಿದ್ದಳು. ಮಗ ಹಿಂದೂಸ್ಥಾನದಿಂದ ವಾಪಸು ಬರ್ತಾನಾ ಅಂತ ಕೇಳಿದಳು. ಬರ್ತಾನೆ ಅಂತ ಅವರು ಹೇಳಿದ್ರು. ನಾನು ಹೋಗಲಿಲ್ಲ. ಅವಳು ತೀರಿಕೊಂಡದ್ದು ಕಾಗದದಲ್ಲಿ ಬಂತು." ಅವರು ಕೈಯ ಮಣ್ಣು ಒರೆಸಿಕೊಂಡರು. "ಅದಕ್ಕೆ ನಾನು ಆ ಮಾತು ಹೇಳುದಿಲ್ಲ. ಒಂದು ಮಾಡಿ. ಹಡಗಿನ ಟಿಕೇಟು ಹೋಗಿಬರುವುದಕ್ಕೆ ಎರಡೂ ಒಟ್ಟಿಗೆ ತೆಗೆಯಿರಿ. ಬರುವ ಟಿಕೇಟು ಅವಳ ಕೈಯಲ್ಲೇ ಇರಲಿ. ನನ್ನ ಕೈಯಲ್ಲಿ ಅದು ಇರಲಿಲ್ಲ."

ಸೇವಂತಿ ಎದ್ದು, ಬದನೆ ಗಿಡಕ್ಕೆ ಹುಳ ಹಿಡಿದಿದೆ, ಬೂದಿ ಹಾಕಿ ಎಂದು ಹೇಳಿ ಬಸ್ಸಿಗೆ ಹೊರಟಳು. ಮನೆಗೆ ಬಂದು ಗಂಡನಿಗೆ ಹೇಳಿದ್ದು ಒಂದೇ ಮಾತು: "ಅಲ್ಲಿ ಚಳಿಯಂತೆ. ಗೂಡೆಗೆ ದಪ್ಪದ್ದು ಎಂತಾದರೂ ಹೊಲಿಸಿ."

ಇನ್ನು ಕಾಗದಪತ್ರದ ಕೆಲಸ. ಈಗಿನವರಿಗೆ ಅದು ಅರ್ಥವಾಗುವುದು ಕಷ್ಟ. ಪಂಜದಲ್ಲಿ ಪಾಸ್‌ಪೋರ್ಟ್ ಎಂಬುದನ್ನು ಕಂಡವರು ಯಾರೂ ಇರಲಿಲ್ಲ. ಜತ್ತಪ್ಪ ಸಮುದ್ರ ದಾಟಿದ್ದರೂ ಸರಕಾರದ ಮೂಟೆಯ ಹಾಗೆ ದಾಟಿದವನು, ಅವನ ಕೈಯಲ್ಲಿ ಯಾವ ಪುಸ್ತಕವೂ ಇರಲಿಲ್ಲ. ಅವನಿಗೆ ಸಹಾಯಕ್ಕೆ ಸಿಕ್ಕಿದವರು ರಾಮಕುಂಜದ ತಿರುಮಲೇಶ್ವರ ಭಟ್ಟರು, ಕಮಲಾವತಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಮಾಸ್ತರರು. ಸಣ್ಣ ಕಣ್ಣು, ದೊಡ್ಡ ಕನ್ನಡಕ; ಅರ್ಜಿ ಬರೆಯುವುದೆಂದರೆ ಅವರಿಗೆ ಮದುವೆ ಊಟದಷ್ಟು ಪ್ರೀತಿ. ಮದರಾಸಿನಿಂದ ತರಿಸಿದ ಫಾರಮಿನ ಮೇಲೆ ಮೊದಲು ಸೀಸದಕಡ್ಡಿಯಲ್ಲಿ ಬರೆದು, ಓದಿ, ಅಳಿಸಿ, ಆಮೇಲೆ ಮಸಿಯಲ್ಲಿ ಬರೆದರು. ಒಂದು ಕಡೆ ಅವರ ಲೇಖನಿ ನಿಂತಿತು. ಪ್ರಯಾಣದ ಉದ್ದೇಶ ಏನು?

"ಉದ್ಯೋಗ ಅಂತ ಬರೆದ್ರೆ ಸಂಬಳದ ಕರಾರು ಎಲ್ಲಿ ಅಂತ ಕೇಳ್ತಾರೆ," ಎಂದರು ಭಟ್ಟರು. "ವಿದ್ಯಾಭ್ಯಾಸ ಅಂತ ಬರೆದ್ರೆ ಕಾಲೇಜು ಯಾವುದು ಅಂತ ಕೇಳ್ತಾರೆ. ನೆಂಟರ ಮನೆ ಅಂತ ಬರೆದ್ರೆ ಸುಳ್ಳಾಗ್ತದೆ. ಎಂತ ಮಾಡುದು ಮಾರಾಯ್ರೆ?"

"ಇದ್ದದ್ದನ್ನೇ ಬರೀರಿ ಸಾರ್," ಎಂದಳು ಕಮಲಾವತಿ.

ಕೊನೆಗೆ ಭಟ್ಟರು ಬರೆದದ್ದು, ಜೇನು ಸಾಕಣೆಯ ಕೆಲಸದಲ್ಲಿ ಅನುಭವ ಪಡೆಯುವುದು, ಒಂದು ವರ್ಷ. ಅದಕ್ಕೆ ಅಸ್ಸುಂತಾಳ ಕಾಗದವನ್ನು ಪಾದ್ರಿಗಳಿಂದ ಇಂಗ್ಲಿಷಿಗೆ ಮಾಡಿಸಿ ಲಗತ್ತಿಸಿದರು. ಪುತ್ತೂರಿನ ಸ್ಟುಡಿಯೋದಲ್ಲಿ ಕಮಲಾವತಿಯ ಮೊದಲ ಫೋಟೋ ತೆಗೆಸಿದ್ದೂ ಆಗಲೇ. ಅದರಲ್ಲಿ ಅವಳು ಪೆಟ್ಟಿಗೆಯೊಳಗೆ ರಾಣಿಹುಳ ಹುಡುಕುವಾಗ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಳೆ. ಆ ಫೋಟೋದ ಒಂದು ಪ್ರತಿ ಈಗಲೂ ಆ ಮನೆಯಲ್ಲಿದೆ.

ಅರ್ಜಿ ಮದರಾಸಿಗೆ ಹೋಯಿತು. ಅಷ್ಟರಲ್ಲಿ ನವೆಂಬರ್ ಒಂದು ಬಂತು, ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಊರಿನಲ್ಲಿ ಸಂತೋಷ, ಶಾಲೆಯಲ್ಲಿ ಮಕ್ಕಳಿಗೆ ಸಿಹಿ. ಜತ್ತಪ್ಪನಿಗೆ ಮಾತ್ರ ಚಿಂತೆ. ಅರ್ಜಿ ಒಂದು ರಾಜ್ಯದಲ್ಲಿ, ಅರ್ಜಿದಾರಳು ಇನ್ನೊಂದು ರಾಜ್ಯದಲ್ಲಿ. ಭಟ್ಟರು ಎರಡು ಕಡೆಗೂ ಜ್ಞಾಪನ ಪತ್ರ ಬರೆದರು. ಅದೇ ದಿನಗಳಲ್ಲಿ ಪುತ್ತೂರಿನ ಹೋಟೆಲಿನ ರೇಡಿಯೋದಲ್ಲಿ ಸುಯೆಜ್ ಕಾಲುವೆ ಮುಚ್ಚಿದ ಸುದ್ದಿ ಬಂತು. ಈಜಿಪ್ಟಿನಲ್ಲಿ ಯುದ್ಧ, ಕಾಲುವೆಯಲ್ಲಿ ಹಡಗುಗಳು ಮುಳುಗಿ ಕೂತಿವೆ. ಜತ್ತಪ್ಪ ಚಹಾದ ಗ್ಲಾಸು ಹಿಡಿದುಕೊಂಡೇ ಸುದ್ದಿ ಮುಗಿಯುವವರೆಗೆ ನಿಂತಿದ್ದ. ಆ ಕಾಲುವೆಯಲ್ಲಿ ಅವನು ಒಮ್ಮೆ ಹೋಗಿದ್ದವನು. ಪಂಜದ ಒಬ್ಬ ಹುಡುಗಿಯ ಪ್ರಯಾಣಕ್ಕೆ ಈಜಿಪ್ಟಿನ ಯುದ್ಧ ಅಡ್ಡ ಬರುತ್ತದೆ ಎಂದು ಯಾರು ಎಣಿಸಿದ್ದರು?

ಜನವರಿಯಲ್ಲಿ ಒಬ್ಬ ಪೊಲೀಸ್ ಪೇದೆ ಸೈಕಲಿನಲ್ಲಿ ವಿಚಾರಣೆಗೆ ಬಂದ. ಅಂಗಳದಲ್ಲಿ ಪೆಟ್ಟಿಗೆಗಳು ಗುಂಯ್ಗುಡುತ್ತಿದ್ದುದರಿಂದ ಗೇಟಿನಲ್ಲೇ ನಿಂತು ಪ್ರಶ್ನೆ ಕೇಳಿದ.

"ಇವಳ ಮೇಲೆ ಕೇಸು ಉಂಟಾ?"

"ಇಲ್ಲ."

"ಜೇನು ಇಲ್ಲಿಯೇ ಉಂಟಲ್ಲ. ಅಷ್ಟು ದೂರ ಯಾಕೆ?"

ಅದಕ್ಕೆ ಉತ್ತರ ಕೊಟ್ಟವಳು ಸೇವಂತಿ. "ನೀವು ಪೊಲೀಸು ಕೆಲಸ ನಿಮ್ಮ ಮನೆಯಲ್ಲೇ ಕಲ್ತದ್ದಾ?" ಎಂದಳು. ಪೇದೆ ನಕ್ಕು, ಮಜ್ಜಿಗೆ ಕುಡಿದು, ಒಳ್ಳೆಯ ಮನೆತನ ಎಂದು ಬರೆದುಕೊಂಡು ಹೋದ.

ಪಾಸ್‌ಪೋರ್ಟು ಬಂದಾಗ ಮಾರ್ಚಿ ಕಳೆದಿತ್ತು. ಕಾಲುವೆ ತೆರೆಯಿತು; ಅಷ್ಟರಲ್ಲಿ ಮಳೆಗಾಲ ಹತ್ತಿರವಾಯಿತು. ಮಳೆ ಕಳೆಯಲಿ ಎಂದು ಸೇವಂತಿ ಹೇಳಿದಳು. ಆ ನಾಲ್ಕು ತಿಂಗಳು ಕಮಲಾವತಿ ಪಾದ್ರಿಗಳ ಹತ್ತಿರ ಭಾಷೆ ಕಲಿಯಲು ವಾರಕ್ಕೊಮ್ಮೆ ಪುತ್ತೂರಿಗೆ ಹೋಗುತ್ತಿದ್ದಳು. ಅಪ್ಪ ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಅವನದು ಬೆಟ್ಟದವರ ಒರಟು ಮಾತು, ಪಾದ್ರಿಗಳದು ಪುಸ್ತಕದ್ದು. ಒಂದಕ್ಕೊಂದು ಹೊಂದದಿದ್ದರೂ ಅವಳು ಎರಡನ್ನೂ ಕಲಿತಳು. ಜತ್ತಪ್ಪನ ಪಟ್ಟಾಳದ ಕಾಕಿ ಓವರ್‌ಕೋಟನ್ನು ಪುತ್ತೂರಿನ ದರ್ಜಿ ಅವಳ ಅಳತೆಗೆ ಇಳಿಸಿದ. ಟಿಕೇಟಿಗೆ ಹಣ ಎಲ್ಲಿಂದ ಎಂದು ಚನಿಯಪ್ಪ ಕೇಳಿದ್ದಕ್ಕೆ ಜತ್ತಪ್ಪ ಅಂಚೆ ಕಚೇರಿಯ ಪಾಸುಬುಕ್ಕು ತೋರಿಸಿದ. ಸೆರೆಯಲ್ಲಿದ್ದ ಕಾಲದ ಸಂಬಳ. ಒಮ್ಮೆ ತಾನೇ ಹೋಗಿ ಆ ಇಬ್ಬರನ್ನು ನೋಡಿ ಬರಬೇಕೆಂದು ಹನ್ನೊಂದು ವರ್ಷದಿಂದ ಮುಟ್ಟದೆ ಇಟ್ಟದ್ದು. ಅಪ್ಪ ಮಗಳು ಇಬ್ಬರೂ ಹೋಗಲು ಸಾಲುವಷ್ಟು ಇರಲಿಲ್ಲ.

ಅಕ್ಟೋಬರಿನಲ್ಲಿ ಅಪ್ಪ ಮಗಳು ಮಂಗಳೂರಿನ ಬಂದರಿನಿಂದ ಮುಂಬಯಿಗೆ ಹೋದರು. ಅಲ್ಲಿಂದ ಇಟಲಿಗೆ ಹೋಗುವ ಹಡಗಿನಲ್ಲಿ ಮಂಗಳೂರಿನ ಇಬ್ಬರು ಕ್ರೈಸ್ತ ಸನ್ಯಾಸಿನಿಯರು ರೋಮಿಗೆ ಹೊರಟಿದ್ದರು. ಕಮಲಾವತಿಯನ್ನು ಅವರ ಜೊತೆ ಮಾಡಿದ್ದೂ ಲುವಿಜಿ ಪಾದ್ರಿಗಳೇ. ಹಡಗು ಬಿಡುವ ಮೊದಲು ಅವಳು ಕೇಳಿದಳು, "ಅಪ್ಪ, ಅಸ್ಸುಂತಾಳಿಗೆ ನೀವು ಎಂತ ಹೇಳ್ಲಿಕ್ಕುಂಟು?"

ಹೇಳಲಿಕ್ಕೆ ಎಷ್ಟಿತ್ತು. "ನಾನು ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿದ್ದು ಅಂತ ಹೇಳು," ಎಂದ.

ಅವಳ ಮೊದಲ ಕಾಗದ ಬರಲು ಏಳು ವಾರ ಹಿಡಿಯಿತು. ಸೇವಂತಿ ಅದನ್ನು ಪೂವಪ್ಪನಿಂದ ಓದಿಸಿ, ಚನಿಯಪ್ಪನಿಂದ ಓದಿಸಿ, ಕೊನೆಗೆ ರಾಮಕುಂಜದ ಭಟ್ಟರು ಬಂದಾಗ ಅವರಿಂದಲೂ ಓದಿಸಿದಳು. "ಇಲ್ಲಿಯ ಹುಳ ಹಳದಿ, ನಮ್ಮದಕ್ಕಿಂತ ದೊಡ್ಡದು," ಎಂದು ಬರೆದಿದ್ದಳು. "ನಮ್ಮದರ ಹಾಗೆ ಮನಸ್ಸು ಬಂದಾಗ ಗೂಡು ಬಿಟ್ಟು ಹೋಗುವುದಿಲ್ಲ. ಅಸ್ಸುಂತಾ ಅಜ್ಜಿ ಮಾತು ಕಡಿಮೆ. ತಪ್ಪು ಮಾಡಿದರೆ ಬೈಯುವುದಿಲ್ಲ, ಕೆಲಸವನ್ನು ಕೈಯಿಂದ ತೆಗೆದುಕೊಂಡು ತಾನೇ ಮಾಡುತ್ತಾಳೆ. ಅದು ಬೈದದ್ದಕ್ಕಿಂತ ಹೆಚ್ಚು. ಅನ್ನ ಇಲ್ಲ. ಅವ್ವನ ಒಣಮೀನಿನ ಚಟ್ನಿಯ ಕನಸು ಬಿತ್ತು." ಆಮೇಲೆ ಅಲ್ಲಿ ಹಿಮ ಬಿತ್ತು. ನಂತರದ ಕಾಗದದಲ್ಲಿ ಹಿಮದ ಬಗ್ಗೆ ಅರ್ಧ ಸಾಲು, ಹಿಮದಲ್ಲಿ ಜೇನುಹುಳ ಹೇಗೆ ಒಂದಕ್ಕೊಂದು ಅಂಟಿಕೊಂಡು ಚೆಂಡಿನ ಹಾಗೆ ಕೂತಿರುತ್ತದೆ ಎಂಬುದಕ್ಕೆ ಎರಡು ಪುಟ. ಅಸ್ಸುಂತಾ ಚಳಿಗೆ ಮೊದಲು ಪ್ರತಿ ಪೆಟ್ಟಿಗೆಯ ಒಳಗನ್ನು ಹಲಗೆ ಹಾಕಿ ಸಣ್ಣದು ಮಾಡುತ್ತಾಳೆ, ಬಾಗಿಲು ಕಿರಿದು ಮಾಡುತ್ತಾಳೆ, ಸಕ್ಕರೆಪಾಕ ಇಡುತ್ತಾಳೆ. ಕಾಗದದ ಅಂಚಿನಲ್ಲಿ ಕಮಲಾವತಿ ಓರೆಯಾಗಿ ಬರೆದಿದ್ದಳು: "ಅಪ್ಪ, ಇವರಿಗೆ ಹಿಮ, ನಮಗೆ ಮಳೆ. ಅಷ್ಟೇ ವ್ಯತ್ಯಾಸ."

ಪ್ರತಿ ಮಳೆಗಾಲವೂ ಜತ್ತಪ್ಪನ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಹುಳ ಹಸಿದು ಗೂಡು ಬಿಟ್ಟು ಹೋಗುತ್ತಿತ್ತು. ಅವನೂ ಹಿಮ ನೋಡಿದವನೇ. ಒಂಬತ್ತು ತಿಂಗಳು ಅದೇ ಹಿತ್ತಿಲಿನಲ್ಲಿ ಇದ್ದವನೇ. ಆದರೆ ಆಗ ಅವನ ಕಣ್ಣು ಹುಳದ ಮೇಲೆ ಅರ್ಧ, ದಾರಿಯ ಮೇಲೆ ಅರ್ಧ. ಮಗಳು ಅಲ್ಲಿ ಹೆದರಿಕೆಯಿಲ್ಲದೆ ನೋಡುತ್ತಿದ್ದಾಳೆ ಎಂದು ಅವನಿಗೆ ಆ ಓರೆ ಸಾಲು ಓದಿ ತಿಳಿಯಿತು.

ಹದಿನೈದು ತಿಂಗಳ ಮೇಲೆ, ಐವತ್ತೊಂಬತ್ತರ ಜನವರಿಯಲ್ಲಿ, ಕಮಲಾವತಿ ತಿರುಗಿ ಬಂದಳು. ಬಸ್ಸಿನಿಂದ ಇಳಿದವಳ ಮೈ ಗಟ್ಟಿಯಾಗಿತ್ತು, ಅಂಗೈ ದಪ್ಪವಾಗಿತ್ತು. ಸೇವಂತಿ ಮೊದಲು ಅವಳ ಜಡೆ ಮುಟ್ಟಿ ನೋಡಿದಳು. ಕೂದಲು ಇತ್ತು.

ಮರುದಿನ ಬೆಳಗ್ಗೆ ಅಪ್ಪ ಮಗಳು ಪೆಟ್ಟಿಗೆಗಳ ಹತ್ತಿರ ಹೋದರು. ಮಾವು ಹೂಬಿಟ್ಟ ಸಮಯ, ಹುಳಕ್ಕೆ ಸುಗ್ಗಿ. ಎರಡು ಪೆಟ್ಟಿಗೆ ನೋಡಿದ ಮೇಲೆ ಕಮಲಾವತಿ, "ಅಪ್ಪ, ದೊಮೆನಿಕೊ ಅಜ್ಜ ಕುಂಟುತ್ತಿದ್ದರಾ?" ಎಂದು ಕೇಳಿದಳು.

"ಹೌದು. ನಾನು ಇರುವಾಗಲೇ ಆದದ್ದು. ಚೆರಿ ಹಣ್ಣಿನ ಮರದಿಂದ ಬಿದ್ದು. ನಾನೇ ಒಂದು ತಿಂಗಳು ಎಣ್ಣೆ ತಿಕ್ಕಿದ್ದೇನೆ."

"ಬಿದ್ದದ್ದಲ್ಲ," ಎಂದಳು. ಅವಳ ಕೈ ಚೌಕಟ್ಟಿನ ಮೇಲಿತ್ತು. "ನೀವು ಅಟ್ಟದಲ್ಲಿ ಇರುವಾಗ ಜರ್ಮನರು ದಾರಿಯಲ್ಲಿ ಅವರನ್ನು ಹಿಡಿದು ಕೇಳಿದ್ರಂತೆ. ಹೇಳಲಿಲ್ಲ ಅಂತ ಬಂದೂಕಿನ ಹಿಡಿಯಿಂದ ಮೊಣಕಾಲಿಗೆ ಹೊಡೆದದ್ದಂತೆ. ನಿಮಗೆ ಗೊತ್ತಾದ್ರೆ ನೀವು ಹೊರಟು ಹೋಗ್ತೀರಿ, ದಾರಿಯಲ್ಲಿ ಸಿಕ್ಕಿಬೀಳ್ತೀರಿ ಅಂತ ಮರದಿಂದ ಬಿದ್ದೆ ಎಂಬ ಸುಳ್ಳು ಹೇಳಿದ್ದು. ಕಾಗದದಲ್ಲಿ ಬರೀಬಾರದು ಅಂತ ಅಜ್ಜಿ ಹೇಳಿದ್ಲು. ಬಾಯಲ್ಲಿ ಹೇಳಬಾರದು ಅಂತ ಹೇಳಲಿಲ್ಲ."

ಜತ್ತಪ್ಪ ಚೌಕಟ್ಟನ್ನು ಅವಳ ಕೈಯಿಂದ ತೆಗೆದು ಪೆಟ್ಟಿಗೆಯೊಳಗೆ ಇಟ್ಟ. ಮುಚ್ಚಳ ಮುಚ್ಚಿದ. ಅದರ ಮೇಲೆ ಎರಡೂ ಕೈ ಊರಿ ನಿಂತ.

"ಫೆಬ್ರವರಿ ತಿಂಗಳು," ಎಂದ. "ಮೊಣಕಾಲುದ್ದ ಹಿಮ. ಆಗ ಚೆರಿ ಮರ ಹತ್ತಲಿಕ್ಕೆ ಅದರಲ್ಲಿ ಎಂತ ಉಂಟು? ಒಂದು ಎಲೆ ಕೂಡ ಇಲ್ಲ. ನನಗೆ ಹೊಳೆಯಲೇ ಇಲ್ಲ ಕಮಲ. ಹೊಳೆಯಬಾರದು ಅಂತ ನಾನೇ ಇದ್ದೆನೋ ಏನೋ."

ಕಮಲಾವತಿ ಅವನನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಸೇವಂತಿ ಗಂಜಿಗೆ ಕರೆದರೂ ಅವನು ಬರಲಿಲ್ಲ. ಬಿಸಿಲೇರಿದ ಮೇಲೆ ಬಂದವನು ಅಂಗಿ ಹಾಕಿಕೊಂಡು ಪುತ್ತೂರಿಗೆ ಹೊರಟ.

ಪಾದ್ರಿಗಳ ಮುಂದೆ ಅವನು ಹೇಳಿ ಬರೆಸಿದ ಕಾಗದ ಏಳೆಂಟು ಸಾಲಿನದ್ದು. ಅದಕ್ಕೆ ಎರಡು ಗಂಟೆ ಹಿಡಿಯಿತು ಎಂದು ಪಾದ್ರಿಗಳು ಮುಂದೆ ಯಾರಲ್ಲೋ ಹೇಳಿದ್ದುಂಟು. ಏನು ಬರೆಸಿದ ಎಂಬುದನ್ನು ಅವರೂ ಹೇಳಲಿಲ್ಲ, ಇವನೂ ಹೇಳಲಿಲ್ಲ. ಅಸ್ಸುಂತಾಳ ಮರುಕಾಗದ ಮಾತ್ರ ಮನೆಯವರಿಗೆಲ್ಲ ಬಾಯಿಪಾಠ, ಯಾಕೆಂದರೆ ಅದು ಅಷ್ಟು ಚಿಕ್ಕದು: "ಕಾಲು ದೊಮೆನಿಕೊನದು. ಅವನ ಕಾಲನ್ನು ಅವನು ಏನು ಬೇಕಾದರೂ ಮಾಡಿದ. ನೀನು ಅದರ ಲೆಕ್ಕ ಕೇಳಬೇಡ. ಹುಡುಗಿ ಈ ವರ್ಷ ಎಷ್ಟು ರಾಣಿ ಎಬ್ಬಿಸಿದಳು, ಅದನ್ನು ಬರೆ."

ಆ ವರ್ಷ ಕಮಲಾವತಿ ಹೊಸ ರಾಣಿಹುಳ ಒಂದನ್ನೂ ಎಬ್ಬಿಸಲಿಲ್ಲ. ಅಲ್ಲಿ ಅಸ್ಸುಂತಾ ಮೇಣದ ಚಿಕ್ಕ ಬಟ್ಟಲುಗಳಲ್ಲಿ, ಗರಿಯ ತುದಿಯಿಂದ ಎತ್ತಿದ ಎಳೆಯ ಮರಿಹುಳ ಇಟ್ಟು ರಾಣಿ ಎಬ್ಬಿಸುತ್ತಿದ್ದಳು. ಇಲ್ಲಿ ತುಡುವೆ ಆ ಬಟ್ಟಲನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮರುವರ್ಷ ಕಮಲಾವತಿ ಬಟ್ಟಲನ್ನು ತುಡುವೆಯ ಅಳತೆಗೆ ಇನ್ನೂ ಕಿರಿದು ಮಾಡಿದಳು. ಆರು ರಾಣಿ ಎದ್ದವು. ಮಳೆಗಾಲಕ್ಕೆ ಪೆಟ್ಟಿಗೆಯ ಒಳಗನ್ನು ಹಲಗೆಯಿಂದ ಕಿರಿದು ಮಾಡಿ ಪಾಕ ಇಟ್ಟಳು. ಆ ಸಲ ಇಪ್ಪತ್ತೆರಡು ಪೆಟ್ಟಿಗೆಗಳಲ್ಲಿ ಖಾಲಿಯಾದದ್ದು ಮೂರೇ. ಚನಿಯಪ್ಪ ಒಂದೊಂದಾಗಿ ಮುಚ್ಚಳ ತೆಗೆಸಿ ನೋಡಿದ; ಆಮೇಲೆ ಕೇಳಿದವರಿಗೆಲ್ಲ, ನಮ್ಮ ಮನೆಯ ಗೂಡೆ ಇಟಲಿಯಲ್ಲಿ ಕೆಲಸ ಕಲ್ತವಳು ಎಂದು ತಾನೇ ಹೇಳತೊಡಗಿದ.

ಅರವತ್ತೊಂದರಲ್ಲಿ ಅವಳ ಮದುವೆಯಾಯಿತು. ಗಂಡ ಕೊಯಿಲದ ಜಾನುವಾರು ಫಾರ್ಮಿನಲ್ಲಿ ಕೆಲಸಕ್ಕಿದ್ದವನು. ಅಲ್ಲಿಂದ ಅವಳು ರಾಮಕುಂಜ, ಕಡಬ, ಕಾಣಿಯೂರು ಎಂದು ಸುತ್ತಿ ಮನೆಮನೆಯ ಹೆಂಗಸರಿಗೆ ಪೆಟ್ಟಿಗೆ ತೆರೆಯುವುದನ್ನು ಕಲಿಸಿದಳು. ತಪ್ಪು ಮಾಡಿದವರಿಗೆ ಬೈಯುತ್ತಿರಲಿಲ್ಲವಂತೆ. ಚೌಕಟ್ಟನ್ನು 'ಇತ್ತ ಕೊಡಿ' ಎಂದು ತೆಗೆದುಕೊಳ್ಳುತ್ತಿದ್ದಳಂತೆ. ಆ ಕಾಲದ ಹೆಂಗಸರು ಈಗ ಅಜ್ಜಿಯರು. ಆ 'ಇತ್ತ ಕೊಡಿ'ಗೆ ಎಷ್ಟು ಹೆದರುತ್ತಿದ್ದೆವು ಎಂದು ಹೇಳಿ ಅವರು ನಗುವುದುಂಟು. ಅಸ್ಸುಂತಾ ಅರವತ್ತಮೂರರ ಚಳಿಗಾಲದಲ್ಲಿ ತೀರಿಕೊಂಡಳು. ಜತ್ತಪ್ಪ ಆ ಬೆಟ್ಟವನ್ನು ಮತ್ತೆ ನೋಡಲೇ ಇಲ್ಲ.

ಆದರೆ ಪಂಜದ ಕಡೆಯಲ್ಲಿ ಪಾಸ್‌ಪೋರ್ಟು ಬೇಕಾದವರೆಲ್ಲ ಅವನ ಜಗಲಿಗೆ ಬರುವುದು ರೂಢಿಯಾಯಿತು. ಯಾವ ಫಾರಮು, ಎಷ್ಟು ಫೋಟೋ, ಯಾವ ಕಚೇರಿ ಎಂಬುದು ಅವನಿಗೆ ನಾಲಗೆಯ ತುದಿಯಲ್ಲಿತ್ತು. ಅರವತ್ತನಾಲ್ಕರಲ್ಲಿ ಬೆಳ್ಳಾರೆಯ ಆದಂ ಕುಂಞಿ ತನ್ನ ಮಗ ಸಾಹುಲ್ ಹಮೀದನನ್ನು ಕರೆದುಕೊಂಡು ಬಂದ. ಹುಡುಗನಿಗೆ ಹದಿನೆಂಟು. ಕುವೈತಿನಲ್ಲಿ ಒಂದು ರೊಟ್ಟಿ ಅಂಗಡಿಯಲ್ಲಿ ಎರಡು ವರ್ಷ ಕೆಲಸ ಕಲಿಯಲು ಹೊರಟವನು. ತಾಯಿ ನೆಬೀಸ ಕೂಡ ಬಂದಿದ್ದಳು, ಆದರೆ ಅಂಗಳದ ತುದಿಯಲ್ಲೇ ನಿಂತಿದ್ದಳು.

ಗಂಡಸರು ಫಾರಮು ಬಿಡಿಸಿ ಕೂತರು. ಸೇವಂತಿ ಎಲೆಯ ತಟ್ಟೆ ಹಿಡಿದು ಹೊರಗೆ ಬಂದು, ನೆಬೀಸಳನ್ನು ಕೈಹಿಡಿದು ಜಗಲಿಯ ಇನ್ನೊಂದು ಬದಿಗೆ ಕರೆತಂದು ಕೂರಿಸಿದಳು. ಎಲೆಗೆ ಸುಣ್ಣ ಹಚ್ಚಿ ಕೊಟ್ಟಳು. ನೆಬೀಸ ಎಲೆಯನ್ನು ಕೈಯಲ್ಲೇ ಹಿಡಿದಿದ್ದಳು.

"ಮೊದಲನೇ ತಿಂಗಳು ಕಷ್ಟ," ಎಂದಳು ಸೇವಂತಿ. "ಊಟ ಮಾಡುವಾಗೆಲ್ಲ ಅವನು ಉಂಡನಾ ಇಲ್ಲವಾ ಅಂತ ಆಗ್ತದೆ. ಮತ್ತೆ ಕಾಗದ ಬರ್ಲಿಕ್ಕೆ ಶುರು ಆಗ್ತದೆ. ಅದನ್ನು ಒಬ್ಬರಿಂದ ಓದಿಸಬೇಡಿ, ಮೂರು ಜನರಿಂದ ಓದಿಸಿ. ಒಬ್ಬೊಬ್ಬರು ಓದುವಾಗ ಒಂದೊಂದು ಹೊಸತು ಕೇಳ್ತದೆ."

ನೆಬೀಸ ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡಳು. "ನಮ್ಮ ಮನೆಯಲ್ಲಿ ಓದುವವರು ಇಬ್ಬರೇ ಇರುದು," ಎಂದಳು.

"ಮೂರನೆಯದ್ದಕ್ಕೆ ಇಲ್ಲಿಗೆ ತನ್ನಿ," ಎಂದಳು ಸೇವಂತಿ.